12 ಜಿಬಿ ರ‍್ಯಾಮ್, 512 ಜಿಬಿ ಸ್ಟೋರೇಜ್, ಆರು ಸಾವಿರ ರೂಪಾಯಿ: ಈ ಟ್ಯಾಬ್ ತರಿಸುವ ಮುನ್ನ ಓದಿ

ಡಬ್ಬದ ಮೇಲೆ ಸುಳ್ಳು ಬರೆದಿರಬಹುದು ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ಆನ್ ಮಾಡಿದ ಮೇಲೆ ಟ್ಯಾಬೇ ಸುಳ್ಳು ಹೇಳುತ್ತದೆ ಅಂತ ಯಾರೂ ಎಣಿಸುವುದಿಲ್ಲ. ಮೊದಲ ಸಲ ಟ್ಯಾಬ್ ಕೊಳ್ಳುವವರು ಬೀಳುವುದು ಇಲ್ಲೇ.

ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆಯವರು ಶಾಲೆ ಶುರುವಾಗುವ ಹೊತ್ತಿಗೆ, ಫೋನಿನಲ್ಲಿ ಬಂದ ಜಾಹೀರಾತು ನೋಡಿ 5,999 ರೂಪಾಯಿಗೆ ಒಂದು ಟ್ಯಾಬ್ ತರಿಸಿದರು. ಜಾಹೀರಾತಿನಲ್ಲಿದ್ದದ್ದು ಹತ್ತು ಕೋರ್, 12 ಜಿಬಿ ರ‍್ಯಾಮ್, 512 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 14, 5ಜಿ, 8,800 ಎಂಎಎಚ್ ಬ್ಯಾಟರಿ. ಸೆಟ್ಟಿಂಗ್ಸ್ ತೆರೆದರೂ ಅವೇ ಅಂಕಿಗಳು. ಒಳಗೆ ಇದ್ದದ್ದು ಎಂಟಿ6580 ಎಂಬ ಹಳೇ ಚಿಪ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 8.1. ಸೆಟ್ಟಿಂಗ್ಸ್ ಪುಟದ ಅಂಕಿಗಳನ್ನು ಸಾಫ್ಟ್‌ವೇರ್ ಹಾಕುವಾಗಲೇ ತಿದ್ದಿರುತ್ತಾರೆ.

ತಿಂಗಳುಗಟ್ಟಲೆ ಇದು ಗೊತ್ತಾಗಲೇ ಇಲ್ಲ. ಕಾರಣ ನಮ್ಮ ಊರೇ. ನೆಟ್ ಬರಲಿಲ್ಲವೆಂದರೆ ಟವರ್ ಸರಿಯಿಲ್ಲ, ಚಾರ್ಜ್ ಆಗಲಿಲ್ಲವೆಂದರೆ ಕರೆಂಟ್ ಸರಿಯಿಲ್ಲ, ಸ್ಕ್ರೀನ್ ತನ್ನಷ್ಟಕ್ಕೆ ಒತ್ತಿಕೊಂಡರೆ ಮಳೆಯ ಥಂಡಿ ಅಂದುಕೊಳ್ಳುತ್ತೇವೆ. ವಾಪಸ್ ಮಾಡುವ ಗಡುವು ಅಷ್ಟರೊಳಗೆ ಮುಗಿದಿರುತ್ತದೆ.

ಸಿಗ್ನಲ್ ವಿಷಯವನ್ನೇ ಮೊದಲು ನೋಡಿ. ಎಂಟಿ6580 ಬರೀ 3ಜಿ ಚಿಪ್. ಮೇಲಿನ ಪಟ್ಟಿಯಲ್ಲಿ ಕಾಣುವ 5ಜಿ ಗುರುತು ಅಂಟಿಸಿಟ್ಟ ಚಿತ್ರ, ಅಷ್ಟೇ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ಹಾಗಾಗಿ ಜಿಯೋ ಸಿಮ್ ಹಾಕಿದರೆ ಇದರಲ್ಲಿ ಸರ್ವಿಸ್ ಬರುವುದೇ ಇಲ್ಲ. ಪರೀಕ್ಷೆ ಸುಲಭ: ಅದೇ ಸಿಮ್ಮನ್ನು 4ಜಿ ಫೋನಿಗೆ ಹಾಕಿ, ಜಗಲಿಯ ಅದೇ ಜಾಗದಲ್ಲಿ ನಿಂತು ನೋಡಿ. ಫೋನಿನಲ್ಲಿ ಬಂದು ಟ್ಯಾಬ್‌ನಲ್ಲಿ ಬಾರದಿದ್ದರೆ ಟವರನ್ನು ಬೈಯಬೇಡಿ.

ಒಳ್ಳೆ ಕಂಪನಿಯ ಅಗ್ಗದ ಟ್ಯಾಬ್ ಕೊಳ್ಳುವಾಗಲೂ ಬರೀ ‘4ಜಿ’ ಎಂದಿದ್ದರೆ ಸಾಲದು, ಬ್ಯಾಂಡ್ ಸಂಖ್ಯೆ (ಸಿಗ್ನಲ್ ಬರುವ ತರಂಗಾಂತರದ ಗುರುತು) ನೋಡಬೇಕು. ಜಿಯೋಗೆ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28. ಕಾಡಂಚಿನ ತೋಟಗಳಲ್ಲಿ ಬಿಎಸ್‌ಎನ್‌ಎಲ್ ಒಂದನ್ನೇ ನೆಚ್ಚಿದವರು 28 ಇದೆಯೇ ಎಂದು ಕೇಳದೆ ದುಡ್ಡು ಕೊಡಬೇಡಿ. ಅದು 700 ಮೆಗಾಹರ್ಟ್ಸ್, ಗುಡ್ಡ ಮರಗಳ ನಡುವೆ ದೂರ ಹೋಗುವುದು ಅದೇ. ಎಷ್ಟೋ ಅಗ್ಗದ ಟ್ಯಾಬ್‌ಗಳಲ್ಲಿ ಬಿಟ್ಟುಹೋಗಿರುವುದೂ ಅದೇ.

ಆಂಡ್ರಾಯ್ಡ್ ಅಸಲಿಯೋ ಅಲ್ಲವೋ ನೋಡಲು ಒಂದು ತಮಾಷೆಯ ದಾರಿ ಇದೆ. ಸೆಟ್ಟಿಂಗ್ಸ್‌ನ ‘ಆಂಡ್ರಾಯ್ಡ್ ಆವೃತ್ತಿ’ ಸಾಲಿನ ಮೇಲೆ ಬೇಗ ಬೇಗ ನಾಲ್ಕೈದು ಸಲ ಒತ್ತಿ, ಬಂದ ಚಿತ್ರವನ್ನು ಒತ್ತಿ ಹಿಡಿಯಿರಿ. 14 ಆಗಿದ್ದರೆ ಬಾಹ್ಯಾಕಾಶದ ಆಟ ತೆರೆಯುತ್ತದೆ. ಈ ಟ್ಯಾಬ್‌ನಲ್ಲಿ ಆಕ್ಟೋಪಸ್ ಬಂದು ಕಾಲಾಡಿಸಿತು. ಅದು ಆಂಡ್ರಾಯ್ಡ್ 8ರದ್ದು. ಅಂಕಿ ತಿದ್ದಿದವರು ಆಕ್ಟೋಪಸ್ಸನ್ನು ಮರೆತಿದ್ದರು. ಜೊತೆಗೆ ಕರ್ನಲ್ (ಆಂಡ್ರಾಯ್ಡ್‌ನ ತಳದಲ್ಲಿರುವ ತಂತ್ರಾಂಶ) ಆವೃತ್ತಿಯನ್ನೂ ನೋಡಿ. ಇದರಲ್ಲಿ 3.18 ಎಂದಿತ್ತು. 3.18 ಬಂದದ್ದು 2014ರಲ್ಲಿ, ಆಂಡ್ರಾಯ್ಡ್ 14 ಬಂದದ್ದು 2023ರಲ್ಲಿ. ಇವೆರಡಕ್ಕೂ ತಾಳೆಯಾಗುವುದಿಲ್ಲ.

ಸ್ಟೋರೇಜ್‌ನ ಮೋಸ ಎಲ್ಲಕ್ಕಿಂತ ಕೆಟ್ಟದ್ದು. ಅಸಲಿ ಜಾಗ ತುಂಬಿದ ಮೇಲೂ ಟ್ಯಾಬ್ ‘ಜಾಗ ಇಲ್ಲ’ ಅನ್ನದೇ ಇರಬಹುದು. ಫೈಲಿನ ಹೆಸರು ಬರುತ್ತದೆ, ಗಾತ್ರವೂ ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ಈ ಮನೆಯವರು ಪುತ್ತರಿ ಹಬ್ಬದ ಫೋಟೋಗಳನ್ನು ಇದಕ್ಕೆ ಹಾಕಿ ಫೋನಿನಿಂದ ಅಳಿಸಿದ್ದರು. ತೆರೆದರೆ ಮೇಲರ್ಧ ಕುಪ್ಯಚೇಲೆ (ಕೊಡವರ ಸಾಂಪ್ರದಾಯಿಕ ಉಡುಪು), ಕೆಳಗರ್ಧ ಬೂದು ಬಣ್ಣ. ಹೀಗಾದದ್ದನ್ನು ಯಾವ ರಿಕವರಿ ತಂತ್ರಾಂಶವೂ ವಾಪಸ್ ತರಲಾರದು, ಏಕೆಂದರೆ ಆ ಭಾಗ ಬರೆಯಲ್ಪಟ್ಟೇ ಇಲ್ಲ. ಪರೀಕ್ಷೆಗೆ 4 ಜಿಬಿಯ ಒಂದು ವಿಡಿಯೊ ಹಾಕಿ, ಬೇರೆ ಬೇರೆ ಹೆಸರಿನಲ್ಲಿ ಹನ್ನೆರಡು ಪ್ರತಿ ಮಾಡಿ. ಆಮೇಲೆ ಟ್ಯಾಬ್ ರೀಸ್ಟಾರ್ಟ್ ಮಾಡಿ, ಮೊದಲನೆಯದು, ನಡುವಿನದು, ಕೊನೆಯದು ಮೂರನ್ನೂ ಕೊನೆಯವರೆಗೆ ಓಡಿಸಿ. 512 ಜಿಬಿ ಇದ್ದದ್ದೇ ಆದರೆ 48 ಜಿಬಿ ಅದಕ್ಕೆ ಲೆಕ್ಕಕ್ಕಿಲ್ಲ.

ರ‍್ಯಾಮ್ ಬಗ್ಗೆ ಒಂದೇ ಮಾತು: ‘4+8’ ಎಂದು ಬರೆದಿದ್ದರೆ ಅಸಲಿ ರ‍್ಯಾಮ್ 4 ಮಾತ್ರ, ಉಳಿದದ್ದು ಸ್ಟೋರೇಜ್‌ನಿಂದ ಎರವಲು. ದೊಡ್ಡ ಕಂಪನಿಗಳೂ ಹೀಗೆ ಬರೆಯುತ್ತವೆ.

ಬ್ಯಾಟರಿಯನ್ನು ಅಳೆಯಲು ಯುಎಸ್‌ಬಿ ಮೀಟರ್ (ಕೇಬಲ್ ಜೊತೆ ಸಿಕ್ಕಿಸಿ ಎಷ್ಟು ವಿದ್ಯುತ್ ಹೋಯಿತೆಂದು ಅಳೆಯುವ ಪುಟ್ಟ ಸಾಧನ) ಸಾಕು, ಬಿಚ್ಚುವುದೇ ಬೇಡ. 8,800 ಎಂಎಎಚ್ ಅಂದರೆ 3.7 ವೋಲ್ಟ್‌ನಲ್ಲಿ ಸುಮಾರು 32.5 ವ್ಯಾಟ್‌ಅವರ್. ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುವುದರಿಂದ, ಸ್ವಿಚ್ ಆಫ್ ಮಾಡಿ ಸೊನ್ನೆಯಿಂದ ಪೂರ್ತಿ ತುಂಬಿಸಿದರೆ ಮೀಟರ್ 36ರ ಮೇಲೆ ತೋರಿಸಬೇಕು. ಇದರಲ್ಲಿ 15ರ ಹತ್ತಿರ ನಿಂತಿತು. ಅಂದರೆ 3,500 ಎಂಎಎಚ್ ಆಸುಪಾಸು. ಇನ್ನೊಂದು: ಎರಡೂ ತುದಿ ಟೈಪ್‌ಸಿ ಇರುವ ಕೇಬಲ್‌ನಲ್ಲಿ ಇದು ಚಾರ್ಜೇ ಆಗಲಿಲ್ಲ. ಪೋರ್ಟ್‌ನ ಹಿಂದೆ ಇರಬೇಕಾದ 5.1 ಕಿಲೊಓಮ್‌ನ ಎರಡು ರೆಸಿಸ್ಟರ್‌ಗಳನ್ನು ಉಳಿತಾಯಕ್ಕೆಂದು ಬಿಟ್ಟಾಗ ಹೀಗಾಗುತ್ತದೆ. ಚಾರ್ಜರ್ ಬದಲಿಸಿ ಪ್ರಯೋಜನವಿಲ್ಲ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬೇಕು. ಚಾರ್ಜಿಗೆ ಹಾಕಿದಾಗ ಮಾತ್ರ ಸ್ಕ್ರೀನ್ ತನ್ನಷ್ಟಕ್ಕೆ ಒತ್ತಿಕೊಂಡರೆ ಅದು ಥಂಡಿಯಲ್ಲ, ಡಬ್ಬದಲ್ಲಿ ಬಂದ ಕಳಪೆ ಅಡಾಪ್ಟರ್. ಹಾಗಂತ ಥಂಡಿ ಬಿಡಿಸಲು ಒಲೆಯ ಹತ್ತಿರ ಇಟ್ಟರೆ ಬ್ಯಾಟರಿ ಉಬ್ಬಬಹುದು.

ಕೊಳ್ಳುವ ಮೊದಲು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಕೇಳಿ. ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ಬರುತ್ತದೆ. ಆಮದುದಾರರ ಹೆಸರು ವಿಳಾಸ ಇಲ್ಲದ ಡಬ್ಬವನ್ನು ತೆಗೆದುಕೊಳ್ಳಲೇಬೇಡಿ. ಸಿಮ್ ಇರುವ ಟ್ಯಾಬ್ ಆದರೆ *#06# ಒತ್ತಿ ಬಂದ 15 ಅಂಕಿಯ ಐಎಂಇಐ (ಸಾಧನದ ಗುರುತಿನ ಸಂಖ್ಯೆ) ಅಸಲಿಯೇ ಎಂದು ತಿಳಿಯಲು ಅದನ್ನು, ಮುಂದೆ ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು ಒಂದು ಜಾಗ ಬಿಟ್ಟು, 14422ಕ್ಕೆ ಎಸ್‌ಎಂಎಸ್ ಮಾಡಿ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕುರಿತು’ ಎಂಬಲ್ಲಿ ಸಾಧನ ಪ್ರಮಾಣೀಕೃತ ಎಂದು ಇಲ್ಲದಿದ್ದರೆ ಬ್ಯಾಂಕ್ ಆ್ಯಪ್‌ಗಳು ಕೈಕೊಡಬಹುದು.

ಡಬ್ಬ ಒಡೆಯುವುದರಿಂದ ಹಿಡಿದು ಈ ಪರೀಕ್ಷೆಗಳವರೆಗೆ ಎಲ್ಲವನ್ನೂ ವಿಡಿಯೊ ಮಾಡಿಟ್ಟುಕೊಳ್ಳಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಾಟಗಾರ ದೆಹಲಿಯಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ದುಡ್ಡು ಬರಲಿಲ್ಲವೆಂದು ಅದೇ ಟ್ಯಾಬನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಇಂಥ ಅನಾಮಿಕ ಸಾಧನಗಳಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಬಂದದ್ದಿದೆ, ಬ್ಯಾಡ್‌ಬಾಕ್ಸ್ ಹೆಸರಿನಲ್ಲಿ 2023ರಿಂದ ಬೆಳಕಿಗೆ ಬಂದದ್ದು ಅದೇ. ಸಿಸ್ಟಮ್ ಭಾಗದಲ್ಲೇ ಕೂತಿರುವುದರಿಂದ ಫ್ಯಾಕ್ಟರಿ ರೀಸೆಟ್‌ಗೂ ಹೋಗುವುದಿಲ್ಲ. ನಿಮ್ಮ ಫೋನಿನಲ್ಲಿ ಗೂಗಲ್ ಖಾತೆಯ ‘ಭದ್ರತೆ’ ತೆರೆದು, ‘ನಿಮ್ಮ ಸಾಧನಗಳು’ ಪಟ್ಟಿಯಿಂದ ಆ ಟ್ಯಾಬನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಮನೆಯ ವೈಫೈ ಪಾಸ್‌ವರ್ಡನ್ನೂ ಬದಲಿಸಿ.