ಫ್ರ್ಯಾಕ್ಸ್ ಲೆಕ್ಕಾಚಾರ: ಉಪಯುಕ್ತ ಸಾಧನ, ಮುಂಗೈ ಮುರಿತದ ಮಟ್ಟಿಗೆ ಅರ್ಧ ಉತ್ತರ

ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಜ್ಞರು 2008ರಲ್ಲಿ ಹೊರತಂದ ಫ್ರ್ಯಾಕ್ಸ್, ಮುಂದಿನ 10 ವರ್ಷಗಳಲ್ಲಿ ಒಬ್ಬರ ಮೂಳೆ ಮುರಿಯುವ ಸಂಭವ ಶೇಕಡಾ ಎಷ್ಟೆಂದು ತಿಳಿಸುವ ಸಾಧನ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಐವತ್ತೈದು ದಾಟಿದ ನನ್ನ ಚಿಕ್ಕಮ್ಮ ಬಚ್ಚಲುಮನೆಯಲ್ಲಿ ಜಾರಿ, ಅಂಗೈ ಊರಿ ಬಿದ್ದು, ಮಣಿಕಟ್ಟಿನ ಬಳಿ ಮೂಳೆ ಮುರಿದುಕೊಂಡಾಗ ಆಸ್ಪತ್ರೆಯವರು ಪ್ಲಾಸ್ಟರ್ ಹಾಕಿ ಕಳುಹಿಸಿದರೇ ಹೊರತು, ಇಷ್ಟು ಸಣ್ಣ ಬೀಳುವಿಕೆಗೆ ಮೂಳೆ ಏಕೆ ಮುರಿಯಿತು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಆ ಕಾರಣಕ್ಕೇ ನಾನು ಈ ಸಾಧನದತ್ತ ಹೊರಳಿದೆ.

ಬಳಕೆ ಸುಲಭ. ದೇಶಗಳ ಪಟ್ಟಿಯಲ್ಲಿ ಭಾರತವನ್ನು ಆರಿಸಿ, ವಯಸ್ಸು, ಲಿಂಗ, ತೂಕ, ಎತ್ತರ ತುಂಬಿದ ಮೇಲೆ ಹೌದು-ಇಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆಗಳು ಬರುತ್ತವೆ: ಹಿಂದೆ ಮೂಳೆ ಮುರಿದಿತ್ತೇ, ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ, ಧೂಮಪಾನ ಉಂಟೇ, ಸ್ಟೀರಾಯ್ಡ್ ಮಾತ್ರೆ ಸೇವಿಸಿದ್ದುಂಟೇ, ರುಮಟಾಯ್ಡ್ ಸಂಧಿವಾತವಿದೆಯೇ ಇತ್ಯಾದಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಅಂಕಿ ಇದ್ದರೆ ಅದನ್ನೂ ಸೇರಿಸಬಹುದು, ಇಲ್ಲದಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಹಿಂದಿನ ಮುರಿತದ ಪ್ರಶ್ನೆಗೆ ‘ಇಲ್ಲ’ ಎಂದಿದ್ದನ್ನು ‘ಹೌದು’ ಎಂದು ಬದಲಿಸಿ ನೋಡಿದರೆ ಶೇಕಡಾವಾರು ಸ್ಪಷ್ಟವಾಗಿ ಮೇಲೇರುತ್ತದೆ. ಒಮ್ಮೆ ಮುರಿದವರಲ್ಲಿ ಮತ್ತೆ ಮುರಿಯುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ತಿಳಿವಳಿಕೆ ಈ ಪ್ರಶ್ನೆಯ ಹಿಂದಿದೆ. ಚಿಕ್ಕಮ್ಮನಿಗೆ ವೈದ್ಯರ ಮಾತಿಗಿಂತ ಈ ಒಂದು ಬದಲಾವಣೆಯೇ ವಿಷಯವನ್ನು ಮನದಟ್ಟು ಮಾಡಿಸಿತು.

ನನ್ನ ತಕರಾರು ಇರುವುದು ಉತ್ತರ ಕೊಡುವ ರೀತಿಯಲ್ಲಿ. ಫ್ರ್ಯಾಕ್ಸ್ ಎರಡೇ ಅಂಕಿಗಳನ್ನು ನೀಡುತ್ತದೆ. ಒಂದು ಸೊಂಟದ ಮೂಳೆಯದು. ಇನ್ನೊಂದರಲ್ಲಿ ಬೆನ್ನುಮೂಳೆ, ಸೊಂಟ, ಭುಜ, ಮುಂಗೈ ನಾಲ್ಕೂ ಒಟ್ಟಿಗೆ ಸೇರಿರುತ್ತವೆ. ಮುಂಗೈಯ ಪಾಲು ಎಷ್ಟೆಂದು ಬಿಡಿಸಿ ನೋಡಲು ದಾರಿಯಿಲ್ಲ. ಹೆಂಗಸರಿಗೂ ಗಂಡಸರಿಗೂ ಅಜಗಜಾಂತರ ಕಾಣುವುದು ಮುಂಗೈಯಲ್ಲಿಯೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ. ಸ್ವೀಡನ್ನಿನ ಮಾಲ್ಮೋ ನಗರದ ಅಧ್ಯಯನದಂತೆ, 50 ವರ್ಷದ ಹೆಂಗಸರಲ್ಲಿ ಉಳಿದ ಆಯುಷ್ಯದಲ್ಲಿ ಮುಂಗೈ ಮುರಿಯುವ ಸಂಭವ ಶೇ. 20ರ ಆಸುಪಾಸಿನಲ್ಲಿದ್ದರೆ ಅದೇ ವಯಸ್ಸಿನ ಗಂಡಸರಲ್ಲಿ ಶೇ. 5ಕ್ಕಿಂತ ಕಡಿಮೆ. ಉತ್ತರ ಯುರೋಪಿನಲ್ಲಿ ಮೂಳೆ ಮುರಿತ ಒಟ್ಟಾರೆ ಹೆಚ್ಚು. ಈ ಅಂಕಿಗಳನ್ನು ನಮ್ಮೂರಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೆ ಮುಟ್ಟು ನಿಂತ ನಂತರ ಈಸ್ಟ್ರೋಜನ್ ತಗ್ಗಿ ಮೂಳೆ ಸವೆಯುವುದು ಎಲ್ಲೆಡೆಯೂ ಒಂದೇ, ಮತ್ತು ಭಾರತದ ಹೆಂಗಸರಲ್ಲಿ ಮುಟ್ಟು ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲೇ ನಿಲ್ಲುತ್ತದೆ. ತೀರಾ ಇಳಿವಯಸ್ಸಿನಲ್ಲಿ ಬೀಳುವಾಗ ಕೈ ಚಾಚುವಷ್ಟು ಚುರುಕು ಉಳಿದಿರುವುದಿಲ್ಲವಾದ್ದರಿಂದ ಪೆಟ್ಟು ಸೊಂಟಕ್ಕೆ ಬೀಳುತ್ತದೆ. ಮುಂಗೈ ಮುರಿತ ಅದಕ್ಕಿಂತ ವರ್ಷಗಳಷ್ಟು ಮೊದಲೇ ಬರುವ ಎಚ್ಚರಿಕೆ. ಅದನ್ನೇ ಈ ಸಾಧನ ಒಟ್ಟು ಲೆಕ್ಕದಲ್ಲಿ ಮುಚ್ಚಿಬಿಡುತ್ತದೆ.

ಗಂಡಸರ ವಿಷಯದಲ್ಲಿ ಕಥೆ ಬೇರೆ. ಅವರಲ್ಲಿ ಮುಂಗೈ ಮುರಿತ ಹೆಚ್ಚಾಗಿ ಯೌವನದ್ದು: ಬೈಕಿನಿಂದ ಬಿದ್ದದ್ದು, ಆಟದಲ್ಲಿ ಆದದ್ದು, ಕೆಲಸದ ಜಾಗದಲ್ಲಿ ಎತ್ತರದಿಂದ ಜಾರಿದ್ದು. ಆ ವಯಸ್ಸಿನಲ್ಲಿ ಹೆಂಗಸರಿಗಿಂತ ಅವರೇ ಮುಂದು. ಫ್ರ್ಯಾಕ್ಸ್ 40ರಿಂದ 90ರ ವಯಸ್ಸಿನವರಿಗಾಗಿ ಮಾಡಿದ ಸಾಧನವಾದ್ದರಿಂದ ಇಪ್ಪತ್ತೈದರ ಯುವಕನ ವಯಸ್ಸು ತುಂಬಿದರೆ ಅವನನ್ನು ನಲವತ್ತರವನೆಂದೇ ಎಣಿಸುತ್ತದೆ. ಅಂಥವರಿಗೆ ಇದು ನಿರುಪಯೋಗಿ. ಅವರಿಗೆ ಬೇಕಾದದ್ದು ಹೆಲ್ಮೆಟ್ಟು, ಒಳ್ಳೆಯ ರಸ್ತೆ.

ಇನ್ನೆರಡು ಲೋಪಗಳನ್ನು ಹೇಳಲೇಬೇಕು. ಕಳೆದ ವರ್ಷ ಎಷ್ಟು ಬಾರಿ ಬಿದ್ದಿರಿ ಎಂದು ಈ ಸಾಧನ ಕೇಳುವುದೇ ಇಲ್ಲ. ಮುಂಗೈ ಮುರಿಯುವುದು ಬೀಳುವುದರಿಂದಲೇ ಎಂಬುದನ್ನು ನೆನೆದರೆ ಇದು ವಿಚಿತ್ರ. ಮನೆಗೊಬ್ಬರಂತೆ ಕಾಡುವ ವಯಸ್ಕರ ಸಕ್ಕರೆ ಕಾಯಿಲೆಗೂ ಪಟ್ಟಿಯಲ್ಲಿ ನೇರ ಸ್ಥಾನವಿಲ್ಲ. ಫ್ರ್ಯಾಕ್ಸ್‌ಪ್ಲಸ್ ಎಂಬ ವಿಸ್ತೃತ ರೂಪದಲ್ಲಿ ಇವೆರಡನ್ನೂ ಸೇರಿಸಿದ್ದಾರೆ, ಆದರೆ ಅದು ಉಚಿತವಲ್ಲ.

ಐವತ್ತರ ಆಚೆಗಿನ ಹೆಂಗಸರು, ಅದರಲ್ಲೂ ಒಮ್ಮೆ ಮುಂಗೈ ಮುರಿದುಕೊಂಡವರು, ಇದನ್ನು ತುಂಬಿ ಉತ್ತರದ ಪುಟವನ್ನು ಮೂಳೆ ವೈದ್ಯರ ಬಳಿಗೆ ಒಯ್ಯಬೇಕೆಂದು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತುಂಬುವಾಗ ಹಳೆಯ ಗುರುತಿನ ಚೀಟಿಯಲ್ಲಿರುವ ಎತ್ತರವನ್ನು ಬರೆಯದೆ, ಗೋಡೆಗೆ ನಿಲ್ಲಿಸಿ ಹೊಸದಾಗಿ ಅಳೆಯುವುದು ಒಳಿತು. ಎತ್ತರ ಗಮನಾರ್ಹವಾಗಿ ತಗ್ಗಿದ್ದರೆ ಬೆನ್ನುಮೂಳೆ ಒಳಗೇ ಕುಸಿದಿರಬಹುದು, ಅದನ್ನೂ ವೈದ್ಯರಿಗೆ ತಿಳಿಸಬೇಕು.