ಹಿತ್ತಲಿನ ರೆಡಿಮೇಡ್ ರೂಮ್: ‘ಪರವಾನಗಿ ಬೇಡ’ ಅನ್ನುವ ಮಾತು ನಂಬಿ ನಾನು ಕೆಟ್ಟೆ

ಧಾರವಾಡದ ಸಪ್ತಾಪುರದ ಕಡೆ ಮನೆ ಇದ್ದವರಿಗೆ ಈ ಆಸೆ ಒಮ್ಮೆಯಾದರೂ ಬಂದೇ ಬರುತ್ತದೆ. ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸು, ರೂಮ್ ಹುಡುಕುತ್ತ ತಿರುಗುವ ಹುಡುಗರು. ನಮ್ಮ ಹಿತ್ತಲಲ್ಲಿ ಹತ್ತು ಅಡಿ ಜಾಗ ಸುಮ್ನೆ ಬಿದ್ದಿತ್ತು. ಒಂದು ರೂಮ್ ಹಾಕಿ ಇಬ್ಬರು ಹುಡುಗರಿಗೆ ಕೊಟ್ಟರೆ ಕರೆಂಟ್ ಬಿಲ್ಲು, ಕಿರಾಣಿ ಖರ್ಚಾದರೂ ಹುಟ್ಟುತ್ತದಲ್ಲ ಅಂದುಕೊಂಡೆ.

ಗೋಡೆ ಕಟ್ಟಿಸಿದರೆ ಪಾಲಿಕೆಗೆ ಅಲೆಯಬೇಕು. ಅದಕ್ಕೇ ರೆಡಿಮೇಡ್ ಕ್ಯಾಬಿನ್ ನೋಡಲು ಹೋದೆ. ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಒಳಗೆ ಫ್ಯಾನು, ಲೈಟು, ಕಿಟಕಿ ಎಲ್ಲಾ ಕೂಡಿಸಿ 2 ಲಕ್ಷ 40 ಸಾವಿರ. ಪರವಾನಗಿ ಬೇಕಾಗುತ್ತದಾ ಅಂತ ನಾನು ಕೇಳಿದ್ದೆ, ಕೇಳಲಿಲ್ಲ ಅಂತಲ್ಲ. ಮಾರುವವನು ನಕ್ಕುಬಿಟ್ಟ. “ಪಾಯಾ ಇಲ್ಲ, ಗೋಡೆ ಇಲ್ಲ. ಇದು ಸಾಮಾನು ಇದ್ದಂಗ್ರೀ ಸರ. ಮನ್ಯಾಗ ತಿಜೋರಿ ತಂದಿಟ್ರ ಯಾರರ ಪರವಾನಗಿ ಕೇಳ್ತಾರೇನ್ರಿ?”

ಎಷ್ಟು ಚಂದ ಹೇಳಿದ ಅಲ್ವಾ? ಆ ತಿಜೋರಿ ಮಾತಿಗೇ ನಾನು ಬಿದ್ದೆ.

ನಮ್ಮ ಓಣಿಯಲ್ಲಿ ಲಾರಿ ಹಿತ್ತಲ ತನಕ ಹೋಗುವುದಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಕ್ರೇನ್ ನಿಲ್ಲಿಸಿ, ಕಾಂಪೌಂಡಿನ ಮೇಲಿಂದ ಎತ್ತಿ ಇಳಿಸಿದರು. ಕ್ರೇನಿಗೆ ಬೇರೆ ಒಂಬತ್ತು ಸಾವಿರ. ಓಣಿಯ ಮಕ್ಕಳೆಲ್ಲ ಜಾತ್ರೆಯಂತೆ ನೋಡಲು ಬಂದಿದ್ದರು.

ಜೂನ್ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಮಳೆ ಹಿಡಿಯಿತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಬಿಟ್ಟರೂ ಬಿಟ್ಟಂತೆ ಆಗುವುದಿಲ್ಲ. ಕ್ಯಾಬಿನ್ನಿಗೂ ಹಿಂದಿನ ಕಾಂಪೌಂಡಿಗೂ ನಡುವೆ ಒಂದೇ ಅಡಿ. ತಗಡಿನ ನೀರೆಲ್ಲ ಹಿಂದಿನ ಮನೆಯ ಅಡುಗೆಮನೆ ಕಿಟಕಿಗೆ ಸಿಡಿಯುತ್ತಿತ್ತು. ಆ ಮನೆಯ ಕಾಕಾ ಎರಡು ಸಲ ಬಂದು ಹೇಳಿದರು. “ಪೈಪ್ ಹಾಕಿಸ್ತೀನ್ರೀ ಕಾಕಾ” ಅಂದೆ, ಹಾಕಿಸಲಿಲ್ಲ. ಈ ತಪ್ಪು ಪೂರ್ತಿ ನನ್ನದೇ. ಮೂರನೇ ಸಲ ಅವರು ನಮ್ಮ ಮನೆಗೆ ಬರಲಿಲ್ಲ, ನೇರ ಪಾಲಿಕೆಯ ವಲಯ ಕಚೇರಿಗೆ ಹೋದರು.

ನೋಡಲು ಬಂದ ಇಂಜಿನಿಯರ್ ಮುಂದೆ ನಾನು ಅದೇ ತಿಜೋರಿ ಕಥೆ ಒಪ್ಪಿಸಿದೆ. ಅವರು ಜಗಳಕ್ಕೇ ಬರಲಿಲ್ಲ. “ಕಟ್ಟಡ ಅಂದ್ರ ಬರೀ ಇಟ್ಟಂಗಿ, ಸಿಮೆಂಟ್ ಅಲ್ರೀ. ಕಾಯ್ದೆ ತಗದು ನೋಡ್ರಿ” ಅಂದು ಹೋದರು. ರಾತ್ರಿ ಕೂತು ನೋಡಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ‘ಕಟ್ಟಡ’ ಅನ್ನುವ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ಮನೆ ಮಾತ್ರ ಅಲ್ಲ, ಹೊರಮನೆ, ಲಾಯ, ಶೆಡ್, ಗುಡಿಸಲು, ಗೋಡೆ ಎಲ್ಲವೂ ಅದರಲ್ಲಿ ಬರುತ್ತವೆ. ಅದು ಇಟ್ಟಿಗೆಯದ್ದಿರಲಿ, ಕಟ್ಟಿಗೆಯದ್ದಿರಲಿ, ಮಣ್ಣಿನದ್ದಿರಲಿ, ಲೋಹದ್ದಿರಲಿ. ಲಾಯವನ್ನೇ ಬಿಡದವರು ನನ್ನ ಕ್ಯಾಬಿನ್ ಬಿಡುತ್ತಾರಾ?

ಎರಡನೇ ಪೆಟ್ಟು ಟ್ರಂಕಿನಲ್ಲಿತ್ತು. ಅಪ್ಪ ಮನೆ ಕಟ್ಟಿಸಿದಾಗಿನ ಮಂಜೂರಾದ ನಕ್ಷೆ ತೆಗೆದು ನೋಡಿದರೆ, ಹಿಂದೆ ಐದು ಅಡಿ ಸೆಟ್‌ಬ್ಯಾಕ್ ಅಂತ ಗೆರೆ ಎಳೆದೇ ಇತ್ತು. ನಮ್ಮದೇ ಜಾಗ, ನಿಜ. ಆದರೆ ಗಾಳಿ, ಬೆಳಕಿಗೆ, ಬೆಂಕಿ ಬಿದ್ದರೆ ಓಡಾಡಲಿಕ್ಕೆ ಅಂತ ಖಾಲಿ ಬಿಡುತ್ತೇವೆ ಎಂದು ಬರೆದುಕೊಟ್ಟ ಜಾಗ. ಮೊದಲೇ ಅರ್ಜಿ ಹಾಕಿದ್ದರೂ ಅಲ್ಲಿ ಅನುಮತಿ ಸಿಗುತ್ತಿರಲಿಲ್ಲ.

ಆಮೇಲೆ ಅದೇ ಕಾಯ್ದೆಯ 321ನೇ ಕಲಂ ಕೆಳಗೆ ನೋಟಿಸ್ ಬಂತು. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆಗೇ ಯಾಕೆ ತೆಗೆಸಬಾರದು ಅಂತ ಕಾರಣ ಕೇಳುವ ನೋಟಿಸ್. ನಮ್ಮ ಉತ್ತರ ಅವರಿಗೆ ಸರಿ ಅನಿಸದಿದ್ದರೆ ಆದೇಶ ಪಕ್ಕಾ ಆಗುತ್ತದೆ. ಆಗಲೂ ನಾವು ತೆಗೆಯದಿದ್ದರೆ ಪಾಲಿಕೆಯೇ ತೆಗೆಸಿ, ಖರ್ಚನ್ನು ನಮ್ಮಿಂದಲೇ ವಸೂಲಿ ಮಾಡಬಹುದು. ಇದಲ್ಲದೆ 112-ಸಿ ಕಲಂ ಒಂದಿದೆ. ಅಕ್ರಮ ಕಟ್ಟಡಕ್ಕೆ ಅದರ ಆಸ್ತಿ ತೆರಿಗೆಯ ಎರಡು ಪಟ್ಟು ದಂಡ. ಆ ದಂಡ ತುಂಬಿದೆ ಅಂತ ಕಟ್ಟಡ ಸಕ್ರಮ ಆಗುವುದಿಲ್ಲ. ರಸೀದಿ ತೋರಿಸಿ ಪಾರಾಗುತ್ತೇನೆ ಅಂದುಕೊಂಡವರು ಇದನ್ನು ಎರಡು ಸಲ ಓದಿಕೊಳ್ಳಿ.

“ಅಕ್ರಮ-ಸಕ್ರಮ ಬರ್ತದ ತಡೀರಿ” ಅಂತ ಹೇಳುವವರು ನಮ್ಮಲ್ಲಿ ಬಹಳ. ದಂಡ ತುಂಬಿಸಿಕೊಂಡು ಅಕ್ರಮ ಕಟ್ಟಡ ಸಕ್ರಮ ಮಾಡಿಕೊಡುವ ಆ ಸರ್ಕಾರಿ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. ಅದನ್ನು ನಂಬಿ ದುಡ್ಡು ಹಾಕಬೇಡಿ.

ನಾನೇ ತೆಗೆಸುತ್ತೇನೆ ಅಂತ ಬರೆದುಕೊಟ್ಟೆ. ತೆಗೆಸುವುದು ಸಲೀಸು ಅಂತ ಮಾರುವಾಗ ಹೇಳಿದ್ದರಲ್ಲ, ಈಗ ನೋಡಿದರೆ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು! ಕ್ರೇನ್ ನಿಲ್ಲಲು ಜಾಗವೇ ಇಲ್ಲ. ಮಾರಿದವನಿಗೆ ಫೋನ್ ಮಾಡಿದೆ. “ಅದು ನಮ್ಮ ಜವಾಬ್ದಾರಿ ಅಲ್ರೀ” ಅಂದ. ಬಿಲ್ಲಿನಲ್ಲಿ ಪರವಾನಗಿ ಬಗ್ಗೆ ಒಂದು ಅಕ್ಷರ ಇರಲಿಲ್ಲ, ಹೇಳಿದ್ದೆಲ್ಲ ಬಾಯಿಮಾತು. ಕೊನೆಗೆ ಶೀಟ್ ಬಿಚ್ಚಿ, ಫ್ರೇಮ್ ಕತ್ತರಿಸಿ, ತುಂಡು ತುಂಡಾಗಿ ಹೊರಗೆ ಸಾಗಿಸಬೇಕಾಯಿತು. ಗುಜರಿಯವನು ಕೊಟ್ಟದ್ದು 38 ಸಾವಿರ.

ನೀವು ಇಂಥದ್ದು ಹಾಕಿಸುವವರಿದ್ದರೆ ಅಂಗಡಿಗೆ ಮೊದಲು ಹೋಗಬೇಡಿ. ಉತಾರ (ಆಸ್ತಿ ದಾಖಲೆ), ಹಳೆಯ ನಕ್ಷೆ, ತೆರಿಗೆ ರಸೀದಿ ಹಿಡಿದು ನೋಂದಾಯಿತ ಇಂಜಿನಿಯರ್ ಹತ್ತಿರ ಹೋಗಿ, ಸೆಟ್‌ಬ್ಯಾಕ್ ಬಿಟ್ಟು ಜಾಗ ಉಳಿಯುತ್ತದಾ ಅಂತ ಅಳತೆ ಮಾಡಿಸಿ. ಉಳಿದರೆ ಅವರ ಮೂಲಕವೇ ಅರ್ಜಿ ಹಾಕಿ. ಮಾರುವವನು ಪರವಾನಗಿ ಬೇಡ ಅಂದರೆ ಅದನ್ನೇ ಬಿಲ್ಲಿನ ಮೇಲೆ ಬರೆದು ಸಹಿ ಹಾಕಲು ಹೇಳಿ. ಆಗ ಅವನ ಮುಖ ನೋಡಿ.

ಕಾಕಾ ಈಗ ಮಾತಾಡುತ್ತಾರೆ. ಮೊನ್ನೆ ಅವರೇ ಒಂದು ಕರಿಬೇವಿನ ಸಸಿ ಕಳಿಸಿದ್ದರು, ಕ್ಯಾಬಿನ್ ಇದ್ದ ಜಾಗದಲ್ಲಿ ಹಚ್ಚಿದ್ದೇವೆ.