ಕ್ರಾಕೋವ್: ಊರಿಗೆ ಐದು ಸ್ಟಾರ್, ಪ್ಯಾಕೇಜಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ, ಊರಿನ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದೆಲ್ಲ ಪ್ಯಾಕೇಜಿನ ಮೇಲೆ.

ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯವರ ಮಧ್ಯ ಯುರೋಪ್ ಟೂರಿನಲ್ಲಿ ನಾನು ಮತ್ತು ನನ್ನ ಹೆಂಡತಿ ಹೋಗಿದ್ದೆವು. ಹೆಸರು ಬೇಡ, ಊರಿನಲ್ಲಿ ದಿನಾ ಮುಖ ನೋಡಬೇಕಾದವರು. ವೀಸಾ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಟ್ಟರು, ಹೋಟೆಲುಗಳು ಚೆನ್ನಾಗಿದ್ದವು, ಬಸ್ಸು ಒಳ್ಳೆಯದಿತ್ತು. ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಕೊನೆಯ ಊರು, ಪೋಲೆಂಡಿನ ಕ್ರಾಕೋವ್ ಬಗ್ಗೆ ಮಾತ್ರ, ಯಾಕೆಂದರೆ ಇಡೀ ಟೂರಿನಲ್ಲಿ ಅತಿ ಕಡಿಮೆ ಸಮಯ ಕೊಟ್ಟದ್ದು ಈ ಊರಿಗೆ, ಅತಿ ಜಾಸ್ತಿ ನೋಡಲಿಕ್ಕೆ ಇದ್ದದ್ದೂ ಇಲ್ಲಿಯೇ.

ಬ್ರೋಷರಿನಲ್ಲಿ ‘ಶಿಂಡ್ಲರ್ ಫ್ಯಾಕ್ಟರಿ’ (ಯುದ್ಧಕಾಲದಲ್ಲಿ ಯಹೂದಿಗಳನ್ನು ಉಳಿಸಿದ ಉದ್ಯಮಿಯದ್ದು, ಈಗ ಮ್ಯೂಸಿಯಂ) ಅಂತ ದಪ್ಪ ಅಕ್ಷರದಲ್ಲಿ ಉಂಟು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೊರಗಿನಿಂದ’. ಬಸ್ಸು ಗೇಟಿನ ಹತ್ತಿರ ನಿಂತಿತು, ಎಲ್ಲರೂ ಇಳಿದು ಫೋಟೋ ತೆಗೆದರು, ಹತ್ತಿದರು. ವಾವೆಲ್ ಅರಮನೆಯೂ ಹಾಗೆಯೇ, ಅಂಗಳ ಸುತ್ತಿಸಿ ಕರೆದುಕೊಂಡು ಬಂದರು. ಒಂದು ಮ್ಯೂಸಿಯಂ ಒಳಗೂ ಕಾಲಿಡಲಿಲ್ಲ. ಆದರೆ ರಾತ್ರಿ ಇಂಡಿಯನ್ ಊಟಕ್ಕೆ ಅಂತ ಊರಿನ ಆಚೆ ತುದಿಗೆ ಹೋಗಿ ಬರಲಿಕ್ಕೆ ಮಾತ್ರ ಸಮಯ ಇತ್ತು! ಅದೇ ದಾಲ್, ಅದೇ ಪನೀರ್. ನಮ್ಮವರಿಗೆ ಊಟ ಮುಖ್ಯ, ಒಪ್ಪುತ್ತೇನೆ, ಆದರೆ ಲಿಯೊನಾರ್ಡೊನ ಚಿತ್ರ ಇರುವ ಊರಿನಲ್ಲಿ ಪನೀರಿಗೆ ಎರಡು ಗಂಟೆ ಜಾಸ್ತಿ ಆಯಿತು ಅಲ್ವಾ?

ನಮ್ಮ ಅದೃಷ್ಟಕ್ಕೆ ನನ್ನ ಚಿಕ್ಕಪ್ಪನ ಮಗಳು ಅಲ್ಲಿಯೇ ಒಂದು ಐಟಿ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ವಾಪಸ್ ಟಿಕೆಟ್ ಮುಂದೂಡಿ ಅವಳ ಮನೆಯಲ್ಲಿ ಉಳಿದೆವು. ಮುಂದೆ ಬರೆದದ್ದರಲ್ಲಿ ಹೆಚ್ಚಿನದು ಬಸ್ಸಿನವರನ್ನು ಕಳಿಸಿಕೊಟ್ಟ ಮೇಲಿನ ಕತೆ.

ಕ್ರಾಕೋವ್‌ಗೆ ಹೋಗುವವರು ಸಾಮಾನ್ಯವಾಗಿ ಒಂದು ದಿನ ಕಲೆಗೆ, ಒಂದು ದಿನ ಎರಡನೇ ಮಹಾಯುದ್ಧದ ಜಾಗಗಳಿಗೆ ಅಂತ ಭಾಗ ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಹಾಗೆ ಮಾಡಬಾರದು. ಆ ಊರಿನಲ್ಲಿ ಇವೆರಡೂ ಬೇರೆ ಬೇರೆ ಅಲ್ಲವೇ ಅಲ್ಲ. ಯಾಕೆ ಅಂತ ಚಾರ್ತೊರಿಸ್ಕಿ ಮ್ಯೂಸಿಯಂಗೆ ಹೋದರೆ ಗೊತ್ತಾಗುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಅಲ್ಲಿ ಇರುವುದು ಲಿಯೊನಾರ್ಡೊ ದ ವಿಂಚಿಯ ‘ಲೇಡಿ ವಿತ್ ಆನ್ ಅರ್ಮಿನ್’. ಅವನು ಬಿಡಿಸಿದ ಹೆಂಗಸರ ಭಾವಚಿತ್ರಗಳಲ್ಲಿ ಉಳಿದಿರುವುದು ನಾಲ್ಕೇ, ಅದರಲ್ಲಿ ಇದೊಂದು. ಪ್ಯಾರಿಸಿನಲ್ಲಿ ಮೊನಾಲಿಸಾ ನೋಡಲಿಕ್ಕೆ ಜನರ ತಲೆಗಳ ಮಧ್ಯೆ ಮೊಬೈಲ್ ಎತ್ತಿ ಹಿಡಿಯಬೇಕು. ಇಲ್ಲಿ ನಾವು ಹೋದಾಗ ಚಿತ್ರದ ಎದುರು ಬೆರಳೆಣಿಕೆಯ ಜನ. ಚಿತ್ರ ಸಣ್ಣದು, ಸುಮಾರು 54 ಸೆಂಟಿಮೀಟರ್ ಎತ್ತರ, 39 ಅಗಲ, ವಾಲ್ನಟ್ ಮರದ ಹಲಗೆಯ ಮೇಲೆ ಬಿಡಿಸಿದ್ದು. ಹುಡುಗಿಯ ಹೆಸರು ಚೆಚಿಲಿಯಾ ಗಲ್ಲೆರಾನಿ, ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನ ಪ್ರೇಯಸಿ. ಕೈಯಲ್ಲಿ ಅರ್ಮಿನ್ ಅನ್ನುವ ಬಿಳಿ ಪ್ರಾಣಿ. ‘ಮುಂಗುಸಿ ಅಲ್ವಾ ಇದು?’ ಅಂತ ನನ್ನ ಹೆಂಡತಿ ಕೇಳಿದಳು. ನಾನು ಜಾಸ್ತಿ ಹೊತ್ತು ನೋಡಿದ್ದು ಚಿತ್ರದ ಹುಡುಗಿಯ ಕೈಯನ್ನು. ಉದ್ದ ಬೆರಳುಗಳು, ಗಂಟುಗಳೆಲ್ಲ ಕಾಣುತ್ತವೆ, ಪ್ರಾಣಿಯನ್ನು ಹಿಡಿದದ್ದೋ ಸುಮ್ನೆ ಸವರುತ್ತಿರುವುದೋ ಹೇಳಲಿಕ್ಕಾಗುವುದಿಲ್ಲ. ಇಬ್ಬರೂ, ಅಂದರೆ ಹುಡುಗಿಯೂ ಪ್ರಾಣಿಯೂ, ಒಂದೇ ಕಡೆಗೆ ತಿರುಗಿ ಯಾರನ್ನೋ ನೋಡುತ್ತಿದ್ದಾರೆ. ಹಿಂದಿನ ಕಪ್ಪು ಬಣ್ಣ ಲಿಯೊನಾರ್ಡೊನದ್ದಲ್ಲ, ಆಮೇಲೆ ಬೇರೆ ಯಾರೋ ಬಳಿದದ್ದು. ನಮ್ಮ ಮಂಗಳೂರಿನ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಚಿತ್ರ ಬಿಡಿಸಿದ ಅಂತೋನಿಯೊ ಮೊಸ್ಕೆನಿಯೂ ಮಿಲಾನಿನ ಪಕ್ಕದ ಬೆರ್ಗಾಮೊ ಕಡೆಯವರೇ. ಇದಕ್ಕೂ ಅದಕ್ಕೂ ನಾನೂರು ವರ್ಷದ ಅಂತರ, ಸಂಬಂಧ ಏನೂ ಇಲ್ಲ, ಆದರೂ ಅಲ್ಲಿ ನಿಂತಾಗ ನೆನಪಾಯಿತು.

ಈಗ ಚಿತ್ರದ ಕತೆ ಕೇಳಿ. ಸುಮಾರು 1800ರಲ್ಲಿ ಚಾರ್ತೊರಿಸ್ಕಿ ಮನೆತನದವರು ಇಟಲಿಯಿಂದ ಇದನ್ನು ಕೊಂಡು ತಂದರು. 1939ರಲ್ಲಿ ಜರ್ಮನ್ನರು ಬರುತ್ತಾರೆ ಅಂತ ಗೊತ್ತಾದಾಗ ದೂರದ ಒಂದು ಬಂಗಲೆಯಲ್ಲಿ ಅಡಗಿಸಿಟ್ಟರು. ಜರ್ಮನ್ನರು ಹುಡುಕಿ ತೆಗೆದು ಬರ್ಲಿನ್‌ಗೆ ಒಯ್ದರು. ಅಲ್ಲಿಂದ ಅದು ಮತ್ತೆ ಕ್ರಾಕೋವ್‌ಗೇ ಬಂತು, ಆದರೆ ಮ್ಯೂಸಿಯಂಗಲ್ಲ. ಆಕ್ರಮಿತ ಪೋಲೆಂಡಿಗೆ ಗವರ್ನರ್ ಜನರಲ್ ಆಗಿ ವಾವೆಲ್ ಅರಮನೆಯಲ್ಲಿ ಕೂತಿದ್ದ ಹಾನ್ಸ್ ಫ್ರಾಂಕ್‌ನ ಗೋಡೆಗೆ. ಲಕ್ಷಾಂತರ ಜನರ ಸಾವಿಗೆ ಕಾರಣನಾದವನು ಈ ಚೆಚಿಲಿಯಾಳ ಮುಖ ನೋಡುತ್ತಾ ಕಾಗದಕ್ಕೆ ಸಹಿ ಹಾಕುತ್ತಿದ್ದ ಅಂದರೆ ಹೇಗಿರಬೇಕು ನೋಡಿ. ಸೋತು ಓಡುವಾಗಲೂ ಚಿತ್ರವನ್ನು ಜೊತೆಗೇ ಬವೇರಿಯಾಕ್ಕೆ ಒಯ್ದ. ಅಮೆರಿಕದ ಸೈನಿಕರಿಗೆ ಸಿಕ್ಕಿತು, 1946ರಲ್ಲಿ ಕ್ರಾಕೋವ್‌ಗೆ ವಾಪಸ್ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಫ್ರಾಂಕ್‌ನನ್ನು ನ್ಯೂರೆಂಬರ್ಗಿನಲ್ಲಿ ಗಲ್ಲಿಗೇರಿಸಿದರು. 2016ರಲ್ಲಿ ಪೋಲೆಂಡ್ ಸರಕಾರ ಚಾರ್ತೊರಿಸ್ಕಿಗಳ ಇಡೀ ಸಂಗ್ರಹವನ್ನು 10 ಕೋಟಿ ಯೂರೋಗೆ ಕೊಂಡುಕೊಂಡಿತು.

ಜೊತೆಗೆ ಕಳವಾದ ರಾಫೆಲ್‌ನ ‘ಪೋರ್ಟ್ರೇಟ್ ಆಫ್ ಎ ಯಂಗ್ ಮ್ಯಾನ್’ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅದರ ಜಾಗಕ್ಕೆ ಖಾಲಿ ಚೌಕಟ್ಟು ಇಟ್ಟಿದ್ದಾರೆ. ಬೇರೆ ಚಿತ್ರ ಹಾಕಿ ಮುಚ್ಚಿಬಿಡಬಹುದಿತ್ತು, ಮುಚ್ಚಿಲ್ಲ. ನನಗೆ ಇದು ತುಂಬಾ ಹಿಡಿಸಿತು.

ಇದು ಒಂದು ಚಿತ್ರದ ಕತೆ ಮಾತ್ರ ಅಲ್ಲ. ದೊಡ್ಡ ಚೌಕದಲ್ಲಿರುವ ಸೇಂಟ್ ಮೇರಿ ಚರ್ಚಿನ ಮರದ ಆಲ್ಟರ್ (ಬಲಿಪೀಠ) ಉಂಟಲ್ಲ, ಶಿಲ್ಪಿ ಫೈಟ್ ಷ್ಟೋಸ್ 1477ರಿಂದ 1489ರವರೆಗೆ ಕೆತ್ತಿದ್ದು, ಮನುಷ್ಯರಿಗಿಂತ ದೊಡ್ಡ ವಿಗ್ರಹಗಳು, ಅದನ್ನೂ ಬಿಚ್ಚಿ ಅಡಗಿಸಿಟ್ಟಿದ್ದರು, ಜರ್ಮನ್ನರು ಅದನ್ನೂ ಬಿಡದೆ ನ್ಯೂರೆಂಬರ್ಗಿಗೆ ಸಾಗಿಸಿದರು, ಅದೂ 1946ರಲ್ಲಿ ವಾಪಸ್ ಬಂತು. ವಾವೆಲ್ ಅರಮನೆಯ 16ನೇ ಶತಮಾನದ, ಚಿತ್ರ ನೇಯ್ದ ಗೋಡೆ ಕಂಬಳಿಗಳು ಇನ್ನೂ ದೂರ ಹೋದವು. ಯುದ್ಧ ಶುರುವಾದ ತಕ್ಷಣ ನದಿಯ ದೋಣಿಯಲ್ಲಿ ಹೊರಗೆ ಕಳಿಸಿದರು, ರುಮೇನಿಯಾ, ಫ್ರಾನ್ಸ್, ಇಂಗ್ಲೆಂಡ್ ದಾಟಿ ಕೆನಡಾಕ್ಕೆ ಮುಟ್ಟಿ, ಅರಮನೆಗೆ ತಿರುಗಿ ಬಂದದ್ದು 1961ರಲ್ಲಿ. ಬಸ್ಸಿನವರು ನಮ್ಮನ್ನು ತಿರುಗಿಸಿಕೊಂಡು ಬಂದದ್ದು ಇದೇ ಅರಮನೆಯ ಅಂಗಳದಿಂದ.

ಅದೇ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಊದುತ್ತಾರೆ, ನಾಲ್ಕು ದಿಕ್ಕಿಗೂ ತಿರುಗಿ. ರಾಗ ಏರುತ್ತಾ ಇದ್ದ ಹಾಗೆ ಥಟ್ ಅಂತ ನಿಂತುಬಿಡುತ್ತದೆ. ನಮ್ಮ ಗ್ರೂಪಿನಲ್ಲಿದ್ದ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ‘ಎಂತ ಮಾರಾಯ್ರೆ, ಅರ್ಧಕ್ಕೇ ನಿಲ್ಲಿಸಿದ?’ ಅಂತ ನನ್ನನ್ನೇ ಕೇಳಿದರು, ನಾನೇ ಊದಿದ ಹಾಗೆ. ತಾರ್ತಾರರು ದಾಳಿ ಮಾಡಿದಾಗ ಕಾವಲುಗಾರನ ಕುತ್ತಿಗೆಗೆ ಬಾಣ ಬಿತ್ತು, ಅದಕ್ಕೇ ಅಲ್ಲಿಗೆ ನಿಲ್ಲಿಸುವುದು ಅಂತ ದಂತಕತೆ. ಇದನ್ನು ಹೇಳಿದ್ದು ಅಲ್ಲಿನ ಲೋಕಲ್ ಗೈಡ್ ಹೆಂಗಸು. ಪ್ಯಾಕೇಜಿಗೆ ಕೊಟ್ಟ ಎರಡು ಸ್ಟಾರಿನಲ್ಲಿ ಒಂದು ಪೂರ್ತಿ ಅವರಿಗೆ. ಅವರು ಬಾಯಿ ತೆರೆದಾಗಲೆಲ್ಲ ನಮ್ಮ ಟೂರ್ ಮ್ಯಾನೇಜರ್ ‘ಬನ್ನಿ ಬನ್ನಿ, ಬಸ್ಸಿಗೆ ಪಾರ್ಕಿಂಗ್ ಇಲ್ಲ’ ಅಂತ ಕೂಗುತ್ತಿದ್ದರು, ಪಾಪ.

ಈಗ ಶಿಂಡ್ಲರ್ ಫ್ಯಾಕ್ಟರಿ. 1993ರ ‘ಶಿಂಡ್ಲರ್ಸ್ ಲಿಸ್ಟ್’ ಸಿನಿಮಾ ನೋಡಿದವರು ಶಿಂಡ್ಲರ್‌ನ ಮ್ಯೂಸಿಯಂ ಅಂದುಕೊಂಡು ಹೋಗುತ್ತಾರೆ. ಅದು ಅವನ ಮ್ಯೂಸಿಯಂ ಅಲ್ಲ. 1939ರಿಂದ 1945ರವರೆಗೆ ಈ ಊರಿಗೆ ಏನಾಯಿತು ಅನ್ನುವುದರ ಮ್ಯೂಸಿಯಂ, 2010ರಲ್ಲಿ ತೆರೆದದ್ದು. ಶಿಂಡ್ಲರ್ ಅದರಲ್ಲಿ ಬರುವ ಒಂದು ಪಾತ್ರ. ಕೋಣೆಯಿಂದ ಕೋಣೆಗೆ ವರ್ಷಗಳು ಸಾಗುತ್ತವೆ. ಮೊದಲು ಯುದ್ಧಕ್ಕೆ ಮುಂಚಿನ ಫೋಟೋಗಳು, ನಗುವ ಮನೆಮಂದಿ. ಆಗ ಊರಿನ ಜನರಲ್ಲಿ ಸುಮಾರು ಕಾಲು ಭಾಗ ಯಹೂದಿಗಳು. ಆಮೇಲೆ ಒಂದು ಕೋಣೆಗೆ ಕಾಲಿಟ್ಟರೆ ನೆಲದ ಟೈಲ್ಸ್ ತುಂಬಾ ನಾಜಿ ಸ್ವಸ್ತಿಕ. ಅದರ ಮೇಲೆ ತುಳಿದೇ ಹೋಗಬೇಕು. ದಿನಾ ಬಾಗಿಲಲ್ಲಿ ಸ್ವಸ್ತಿಕ ನೋಡಿ ಬೆಳೆದ ನಮಗೆ ಅಲ್ಲಿ ಕಾಲು ಎಲ್ಲಿಡುವುದು ಅಂತಲೇ ಗೊತ್ತಾಗುವುದಿಲ್ಲ.

ಯೂನಿವರ್ಸಿಟಿಯ ಭಾಗ ನನಗೆ ಬಹಳ ನಾಟಿತು. ಯಾಗೆಲೋನಿಯನ್ ಯೂನಿವರ್ಸಿಟಿ 1364ರದ್ದು, ಕೊಪರ್ನಿಕಸ್ ಓದಿದ ಜಾಗ. 1939ರ ನವೆಂಬರ್ 6ರಂದು ಒಂದು ಭಾಷಣ ಉಂಟು ಅಂತ ಪ್ರೊಫೆಸರುಗಳನ್ನೆಲ್ಲ ಕರೆಸಿ, ಬಂದ 180ಕ್ಕೂ ಹೆಚ್ಚು ಜನರನ್ನು ಅಲ್ಲಿಯೇ ಬಂಧಿಸಿ ಸೆರೆ ಶಿಬಿರಕ್ಕೆ ಕಳಿಸಿದರು. ಬೀದಿಗೊಂದು ಕಾಲೇಜು ಇರುವ ನಮ್ಮ ಊರಿನವರಿಗೆ ಇದು ಬೇಗ ಅರ್ಥ ಆಗುತ್ತದೆ.

ಕೊನೆಯ ಕಡೆಗೆ ಶಿಂಡ್ಲರ್‌ನ ಆಫೀಸು. ಎನಾಮಲ್ ಪಾತ್ರೆ ಮಾಡುವ ಫ್ಯಾಕ್ಟರಿ ಇದು, ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಇರುತ್ತಿದ್ದಂಥ ಪಾತ್ರೆಗಳು. ಅವನು ನಾಜಿ ಪಕ್ಷದವನು, ಬಂದದ್ದೇ ದುಡ್ಡು ಮಾಡಲಿಕ್ಕೆ. ಆಮೇಲೆ ಅದೇ ಫ್ಯಾಕ್ಟರಿಯ ನೆಪದಲ್ಲಿ ಸಾವಿರಕ್ಕೂ ಹೆಚ್ಚು ಯಹೂದಿಗಳ ಜೀವ ಉಳಿಸಿದ. ಆಫೀಸಿನ ನಡುವೆ ಆ ಪಾತ್ರೆಗಳನ್ನೇ ಪೇರಿಸಿದ ದೊಡ್ಡ ಗಾಜಿನ ಪೆಟ್ಟಿಗೆ ಉಂಟು, ಒಳಗೆ ಬದುಕುಳಿದವರ ಹೆಸರುಗಳು.

ಅಲ್ಲಿ ಓದಲಿಕ್ಕೆ ತುಂಬಾ ಉಂಟು, ಎರಡು ಗಂಟೆ ಸಾಲದು. ಟಿಕೆಟಿಗೆ ಗಂಟೆ ನಿಗದಿ, ಸೀಸನ್‌ನಲ್ಲಿ ಕೆಲವು ದಿನ ಮೊದಲೇ ಖಾಲಿಯಾಗಿರುತ್ತದೆ, ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿ. ತೀರಾ ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಪಕ್ಕದಲ್ಲೇ ಮೊಕಾಕ್ ಅನ್ನುವ ಹೊಸ ಕಲೆಯ ಮ್ಯೂಸಿಯಂ ಉಂಟು, ಅದೇ ಫ್ಯಾಕ್ಟರಿಯ ಜಾಗದಲ್ಲಿ. ನಾವು ಹೋದೆವು, ಅರ್ಧ ನನಗೆ ತಲೆಗೆ ಹತ್ತಲಿಲ್ಲ. ಸಮಯ ಇದ್ದರೆ ನೋಡಿ.

ಅದಕ್ಕಿಂತ ಹತ್ತು ಹದಿನೈದು ನಿಮಿಷ ನಡೆದು ಗೆಟ್ಟೊ ಚೌಕಕ್ಕೆ ಹೋಗಿ. 1941ರ ಮಾರ್ಚ್‌ನಲ್ಲಿ ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ಈ ಕಡೆಗೆ ತಂದು ಗೋಡೆಯೊಳಗೆ ತುಂಬಿದರು, 1943ರ ಮಾರ್ಚ್ 13 ಮತ್ತು 14ರಂದು ಎಲ್ಲವನ್ನೂ ಮುಗಿಸಿದರು. ಈಗ ಚೌಕದಲ್ಲಿ ಕಬ್ಬಿಣದ ಖಾಲಿ ಕುರ್ಚಿಗಳು ನಿಂತಿವೆ, ಬೇರೆ ಏನೂ ಇಲ್ಲ. ಅದರ ಮೂಲೆಯಲ್ಲಿ ಒಂದು ಮೆಡಿಕಲ್ ಶಾಪ್, ‘ಹದ್ದಿನ ಫಾರ್ಮಸಿ’, ಈಗ ಸಣ್ಣ ಮ್ಯೂಸಿಯಂ. ತಾದೆಯುಶ್ ಪಾಂಕಿಯೆವಿಚ್ ಅನ್ನುವ ಪೋಲಿಶ್ ಕ್ಯಾಥೊಲಿಕ್ ಅಂಗಡಿ ಬಿಟ್ಟು ಹೋಗದೆ ಗೆಟ್ಟೊ ಒಳಗೇ ಉಳಿದು ಔಷಧಿ ಕೊಟ್ಟವರು. ಡ್ರಾಯರುಗಳನ್ನು ಎಳೆದು ನೋಡಬಹುದು, ಕಪಾಟು ತೆರೆಯಬಹುದು. ಶಿಂಡ್ಲರ್ ಫ್ಯಾಕ್ಟರಿಗೆ ಬಂದವರಲ್ಲಿ ಕಾಲು ಭಾಗವೂ ಇಲ್ಲಿ ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದೇ ಉತ್ತಮ ಮ್ಯೂಸಿಯಂ.

ನಾಜಿಗಳ ಸಾವಿನ ಶಿಬಿರ ಇದ್ದ ಆಶ್ವಿಟ್ಸ್ ಇಲ್ಲಿಂದ ಸುಮಾರು 70 ಕಿಲೋಮೀಟರ್. ನಮ್ಮ ಏಜೆನ್ಸಿಯವರು ಅದನ್ನೂ ವಿಯೆಲಿಚ್ಕಾ ಉಪ್ಪಿನ ಗಣಿಯನ್ನೂ ಒಂದೇ ದಿನಕ್ಕೆ ತುರುಕಿದ್ದರು. ಹನ್ನೊಂದು ಲಕ್ಷ ಜನರನ್ನು ಕೊಂದ ಜಾಗ ನೋಡಿ, ಬಸ್ಸಿನಲ್ಲಿ ಚಿಪ್ಸ್ ತಿಂದು, ಸಂಜೆ ಉಪ್ಪಿನ ಶಿಲ್ಪದ ಎದುರು ಸೆಲ್ಫಿ. ಇದನ್ನು ಪ್ಲಾನ್ ಮಾಡಿದವರು ಸ್ವತಃ ಒಮ್ಮೆ ಹೋಗಿ ಬಂದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಆಶ್ವಿಟ್ಸ್‌ಗೆ ಒಂದು ಪೂರ್ತಿ ದಿನ ಕೊಡಿ, ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಪೋಲೆಂಡ್ ಎಲ್ಲಿ, ನಾವೆಲ್ಲಿ ಅಂತ ಕೇಳುವವರಿಗೆ ಒಂದು ಮಾತು. ರಷ್ಯಾದವರು ಸೈಬೀರಿಯಾಕ್ಕೆ ಅಟ್ಟಿದ್ದ ಪೋಲಿಶ್ ಜನರಲ್ಲಿ ಸುಮಾರು 5,000 ಮಂದಿ 1943ರಿಂದ 1948ರವರೆಗೆ ಇದ್ದದ್ದು ಕೊಲ್ಲಾಪುರದ ಹತ್ತಿರದ ವಳಿವಡೆಯಲ್ಲಿ, ನಮ್ಮ ಬೆಳಗಾವಿ ದಾಟಿದರೆ ಅಲ್ಲೇ. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು.

ಊಟದ ವಿಷಯ: ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ‘ಮಿಲ್ಕ್ ಬಾರ್’ ಅನ್ನುವ ಅಗ್ಗದ ಖಾನಾವಳಿಗಳಲ್ಲಿ ಆಲೂಗಡ್ಡೆ ಚೀಸ್ ತುಂಬಿದ, ಕಡುಬಿನಂಥ ಪಿಯೆರೋಗಿ ಸಿಗುತ್ತದೆ, ‘ರುಸ್ಕಿಯೆ’ ಅಂತ ಕೇಳಿ. ಮೇಲೆ ಹಂದಿ ಕೊಬ್ಬಿನ ಚೂರು ಹಾಕುವ ಅಭ್ಯಾಸ ಉಂಟು, ಬೇಡ ಅಂತ ಮೊದಲೇ ಹೇಳಬೇಕು. ಖಾರ ಇಲ್ಲ, ಉಪ್ಪಿನಕಾಯಿ ಒಯ್ದಿದ್ದರೆ ಬದುಕಿದಿರಿ. ಯೂರೋ ಅಲ್ಲ, ಅಲ್ಲಿ ಝ್ಲಾಟಿ. ಸೋಮವಾರ ಕೆಲವು ಮ್ಯೂಸಿಯಂಗಳಿಗೆ ರಜೆ, ನೋಡಿಕೊಂಡು ಹೋಗಿ.

ಅದೇ ಏಜೆನ್ಸಿಯಲ್ಲಿ ಮತ್ತೆ ಹೋಗುತ್ತೀರಾ ಅಂತ ಕೇಳಿದರೆ, ಸ್ವಿಟ್ಜರ್ಲ್ಯಾಂಡಿಗೆ ಹೋಗಬಹುದು. ಬೆಟ್ಟಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದರೂ ನಡೆಯುತ್ತದೆ. ಕ್ರಾಕೋವ್‌ಗೆ ಅವರ ಜೊತೆ ಹೋಗುವುದಾದರೆ ‘ಹೊರಗಿನಿಂದ’ ಅನ್ನುವ ಶಬ್ದ ಎಲ್ಲೆಲ್ಲಿ ಉಂಟು ಅಂತ ಬ್ರೋಷರಿನಲ್ಲಿ ಪೆನ್ನಿನಿಂದ ಗೆರೆ ಎಳೆದುಕೊಂಡು, ಆಮೇಲೆ ಅಡ್ವಾನ್ಸ್ ಕೊಡಿ.